ಜಾಗ ಇದೆ, ಆದ್ರೆ ಹಿಡಿಯಲ್ಲ

ಆಲ್ದೂರಿನ ನಮ್ಮ ದೊಡ್ಡಪ್ಪ ದಿನದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ತೋಟದವರ ಹಳೇ ಅಭ್ಯಾಸ. ಈ ಸಲ ಅದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಹುಮ್ಮಸ್ಸು ಬಂತು. ಎಕ್ಸೆಲ್ ಯಾಕೋ ಸರಿಹೋಗಲಿಲ್ಲ, ನೋಟ್‌ಪ್ಯಾಡ್ ತೆರೆದು ಊಟವಾದಮೇಲೆ ಕೂತವರು ಜೂನ್, ಜುಲೈ ಎರಡೂ ಮುಗಿಸುವಷ್ಟರಲ್ಲಿ ಗುಡುಗು, ಕರೆಂಟ್ ಮಾಯ, ಯುಪಿಎಸ್ ಬ್ಯಾಟರಿಯಂತೂ ಯಾವತ್ತೋ ಸತ್ತಿತ್ತು. ನನಗೆ ಫೋನ್ ಬಂತು.

"ಸೇವ್ ಮಾಡಿದ್ರಾ ದೊಡ್ಡಪ್ಪ?"

"ಯಾಕೆ ಮಾಡ್ಬೇಕು ಮಾರಾಯ? ಕಣ್ಣೆದುರಿಗೇ ಇತ್ತಲ್ಲ!"

ಕಣ್ಣೆದುರಿಗೆ ಇದ್ದದ್ದು ರ‍್ಯಾಮ್‌ನಲ್ಲಿ. ಅದು ಕಂಪ್ಯೂಟರಿನ ತಾತ್ಕಾಲಿಕ ನೆನಪು. ಅಲ್ಲಿ ಒಂದೊಂದು ಬಿಟ್ (ಸೊನ್ನೆ ಅಥವಾ ಒಂದು) ಅಂದರೆ ಚೂರೇ ಚೂರು ವಿದ್ಯುತ್ತು, ಅದೂ ಸೋರುತ್ತಲೇ ಇರುತ್ತದೆ. ಕರೆಂಟ್ ಇದ್ದಾಗಲೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಿಸದಿದ್ದರೆ ಮರೆತುಬಿಡುತ್ತದೆ. ಸೇವ್ ಮಾಡಿದರೆ ಮಾತ್ರ ಡಿಸ್ಕಿಗೆ ಹೋಗಿ ಉಳಿಯುತ್ತದೆ. ಇದನ್ನು ಸ್ಪೀಕರಿನಲ್ಲಿ ಹೇಳುತ್ತಿದ್ದೆ, ಹಿಂದಿನಿಂದ ದೊಡ್ಡಮ್ಮನ ದನಿ: "ನಿಮ್ಮ ದೊಡ್ಡಪ್ಪನ ಥರಾನೇ ಅನ್ನು."

ಪೆನ್‌ಡ್ರೈವ್ ಕಥೆ ಇನ್ನೂ ಚೆನ್ನಾಗಿದೆ. ಅವರ ಮೊಮ್ಮಗಳ ಮದುವೆ ವಿಡಿಯೋ ಒಂದೇ ಫೈಲು, 6 ಜಿಬಿ. ಚಿಕ್ಕಮಗಳೂರಿನಿಂದ ಹೊಸ 32 ಜಿಬಿ ಪೆನ್‌ಡ್ರೈವ್ ತಂದರು. ಚುಚ್ಚಿದರೆ ತೋರಿಸಿದ್ದು 29.8. ಅಂಗಡಿಯವನು ತೂಕದಲ್ಲಿ ಹೊಡೆದ ಅಂತ ದೊಡ್ಡಪ್ಪನ ಸಿಟ್ಟು. ಪಾಪ, ಅವನದೇನೂ ಇಲ್ಲ. ಕೆಬಿಯಿಂದ ಎಂಬಿಗೆ, ಎಂಬಿಯಿಂದ ಜಿಬಿಗೆ ಏರುವಾಗ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಸರಿ, ಕಾಪಿ ಮಾಡಲು ಹೋದರೆ "ಫೈಲ್ ತೀರಾ ದೊಡ್ಡದು" ಎಂದು ಕೂತಿತು.

"ಇಷ್ಟು ಖಾಲಿ ಬಿದ್ದಿದೆ, ಆರು ಹಿಡಿಯಲ್ವಾ?"

ಹಿಡಿಯಲ್ಲ. ಅದು ಫ್ಯಾಟ್32 ಪೆನ್‌ಡ್ರೈವು. ಫ್ಯಾಟ್32 ಅಂದರೆ ಫೈಲುಗಳನ್ನು ಜೋಡಿಸಿಡುವ ಒಂದು ಹಳೇ ಪದ್ಧತಿ. ಫೈಲಿನ ಗಾತ್ರ ಬರೆದುಕೊಳ್ಳಲು ಅದಕ್ಕೆ ಇರುವುದು 32 ಬಿಟ್, ಹಾಗಾಗಿ ಯಾವ ಫೈಲೂ 4 ಜಿಬಿ ಮುಟ್ಟುವ ಹಾಗಿಲ್ಲ, ಎಷ್ಟೇ ಜಾಗ ಇರಲಿ. ಫ್ಯಾಟ್32 ಬಂದದ್ದು 1996ರಲ್ಲಿ. ಫ್ಲಾಪಿಯಲ್ಲಿ 1.44 ಎಂಬಿ ಹಿಡಿದರೆ ಖುಷಿಪಡುತ್ತಿದ್ದ ಕಾಲ ಅದು. ಆಲ್ದೂರಿನ ಮದುವೆಗೆ ಡ್ರೋನ್ ಹಾರುತ್ತದೆ ಎಂದು ಆಗ ಯಾರು ಕನಸು ಕಂಡಿದ್ದರು!

ಈ ಮಿತಿ ಕಾಡದ ಹೊಸ ಪದ್ಧತಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದೆ. ಫೈಲ್ ಸರಾಗವಾಗಿ ಹೋಯಿತು. ಆದರೆ ಅವರ ಹಳೇ ಟಿವಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ, ಟಿವಿ ಬದಲಿಸಲು ದೊಡ್ಡಪ್ಪ ಒಪ್ಪುವುದಿಲ್ಲ. ಮತ್ತೆ ಫ್ಯಾಟ್32 ಮಾಡಿ, ವಿಡಿಯೋವನ್ನು ಎರಡು ತುಂಡು ಮಾಡಿ ಕೊಟ್ಟೆ. ತುಂಡಾಗಿದ್ದು ಸರಿಯಾಗಿ ಮುಹೂರ್ತದಲ್ಲಿ. ಗಟ್ಟಿಮೇಳ ಶುರು, ಹುಡುಗನ ಕೈಯಲ್ಲಿ ತಾಳಿ, ಟಿವಿ ಕಪ್ಪು. ಈಗ ಮನೆಗೆ ಯಾರೇ ಬರಲಿ, ದೊಡ್ಡಮ್ಮ ಕಾಫಿ ಕೊಟ್ಟು ರಿಮೋಟ್ ಹುಡುಕುತ್ತಾ, "ಸ್ವಲ್ಪ ತಡೀರಿ, ಇನ್ನೊಂದು ಫೈಲ್‌ನಲ್ಲಿ ಕಟ್ತಾನೆ" ಎನ್ನುತ್ತಾರೆ.