121 ರೂಪಾಯಿಯ ಮರ್ಯಾದೆ

ನಮ್ಮ ದೊಡ್ಡಪ್ಪನ ಮನೆಯ ಅಟ್ಟದ ಮೇಲೆ ಏಳು ಸೊಳ್ಳೆ ಬ್ಯಾಟ್‌ಗಳಿವೆ. ಏಳೂ ಸತ್ತಿವೆ. ಸೊಳ್ಳೆಗಳೆಲ್ಲ ಕ್ಷೇಮ.

ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಸುತ್ತ ಅಡಿಕೆ ತೋಟ, ನಡುವೆ ಮನೆ. ಸಂಜೆ ದೇವರಿಗೆ ದೀಪ ಹಚ್ಚುವುದಕ್ಕೂ ಸೊಳ್ಳೆ ಒಳಗೆ ಬರುವುದಕ್ಕೂ ಸರಿಹೋಗುತ್ತದೆ. ಹಾಗಾಗಿ ಆ ಮನೆಯಲ್ಲಿ ಯಾರಾದರೂ ‘ಬ್ಯಾಟ್ ಎಲ್ಲಿ’ ಎಂದು ಕೂಗಿದರೆ ಅದು ಕ್ರಿಕೆಟ್ಟಿಗಲ್ಲ. ಕಿತ್ತಳೆ ಬಣ್ಣದ ಹಿಡಿ, ಮೂರು ಪದರದ ಜಾಲರಿ, ಹೆಬ್ಬೆರಳಿಗೊಂದು ಗುಂಡಿ, ಪಕ್ಕದಲ್ಲೊಂದು ಪುಟ್ಟ ಟಾರ್ಚು. ಹಿಡಿಯ ಬುಡದಲ್ಲಿರುವ ಜಾರುಗುಂಡಿಯನ್ನು ದೂಡಿದರೆ ಚಾರ್ಜಿಗೆ ಹಾಕುವ ಎರಡು ಪಿನ್ನು ಹೊರಗೆ ಬರುತ್ತವೆ. ಮೊದಲ ವಾರ ಎರಡೂ ಬರುತ್ತವೆ. ಎರಡನೇ ವಾರ ಒಂದು ಬರುತ್ತದೆ, ಇನ್ನೊಂದನ್ನು ದೊಡ್ಡಮ್ಮ ತಲೆಯಿಂದ ಹೇರ್‌ಪಿನ್ ತೆಗೆದು ಕೆದಕಿ ಎಳೆಯಬೇಕು. ಮೂರನೇ ವಾರ ಪಿನ್ನು ಬರುತ್ತದೆ, ಚಾರ್ಜು ನಿಲ್ಲುವುದಿಲ್ಲ. ಟಾರ್ಚು ಮಾತ್ರ ಕೊನೇವರೆಗೂ ಉರಿಯುತ್ತದೆ. ಸೊಳ್ಳೆಯನ್ನು ಕೊಲ್ಲಲಾಗದಿದ್ದರೂ ಅದು ಎಲ್ಲಿ ಕೂತಿದೆ ಅಂತ ನೋಡಬಹುದು.

‘ಒಳ್ಳೇ ಕಂಪನಿದು 500ಕ್ಕೆ ಸಿಗುತ್ತಲ್ಲ ದೊಡ್ಡಪ್ಪ, ವಾರಂಟಿ ಬೇರೆ ಇರುತ್ತೆ’ ಎಂದೆ ಒಮ್ಮೆ.

‘500 ಕೊಟ್ಟರೆ ಕೊಟ್ಟಿದ್ದು ಗೊತ್ತಾಗುತ್ತೆ ಮಾರಾಯ. 180 ಕೊಟ್ಟರೆ ಗೊತ್ತಾಗಲ್ಲ’ ಎಂದರು.

ಏಳು ಸಲ 180 ಅಂದರೆ 1260 ಆಯಿತಲ್ಲ ಎಂದೆ.

‘ಏಳು ಸಲವೂ ಗೊತ್ತಾಗಲಿಲ್ಲ.’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಅವರು ವಾರಂಟಿ ಎಂಬ ಪಿಡುಗಿನ ಬಗ್ಗೆ ವಿವರಿಸಿದರು. ವಾರಂಟಿ ಇದ್ದರೆ ಕೆಟ್ಟ ಬ್ಯಾಟನ್ನು ಹಿಡಿದುಕೊಂಡು ಪೇಟೆಗೆ ಹೋಗಬೇಕು. ಅಂಗಡಿಯವನು ಬಿಲ್ ಕೇಳುತ್ತಾನೆ. ಬಿಲ್ಲಿಗಾಗಿ ದೊಡ್ಡಮ್ಮ ಅರ್ಧ ದಿನ ಕಪಾಟು ಕೆದಕಬೇಕು. ಸಿಕ್ಕಿದ ಮೇಲೆ ಅವನು, ಸರ್ವೀಸ್ ಸೆಂಟರ್ ಶಿವಮೊಗ್ಗದಲ್ಲಿದೆ ಎನ್ನುತ್ತಾನೆ. ಬಸ್ ಚಾರ್ಜು, ಮಧ್ಯಾಹ್ನದ ಊಟ, ವಾಪಸ್ ಬರುವಾಗ ಒಂದು ಕಾಫಿ. ‘ಇದಕ್ಕೆ ಆ ರಗಳೆಯೇ ಇಲ್ಲ. ಸತ್ತರೆ ಸತ್ತಿತು.’

ಸತ್ತದ್ದನ್ನು ಎಸೆಯುತ್ತಾರಾ ಅಂದರೆ, ಅದೂ ಇಲ್ಲ. ದುಡ್ಡು ಕೊಟ್ಟು ತಂದದ್ದಲ್ವಾ? ಹಾಗಾಗಿ ಅಟ್ಟ. ಒಂದನ್ನು ಮಾತ್ರ ಸಂಡಿಗೆ ಒಣಗಿಸುವ ದಿನ ಕಾಗೆ ಓಡಿಸಲು ಕೆಳಗಿಳಿಸುತ್ತಾರೆ. ಇನ್ನೊಂದನ್ನು ಬೀಸುತ್ತಾ ದೊಡ್ಡಪ್ಪ ಮಂಗಗಳನ್ನು ಹೆದರಿಸುತ್ತಿದ್ದರು. ಅದರಲ್ಲಿ ಕರೆಂಟಿಲ್ಲ ಅಂತ ಮಂಗಗಳಿಗೆ ಎರಡೇ ದಿನದಲ್ಲಿ ತಿಳಿಯಿತು. ದೊಡ್ಡಪ್ಪನಿಗಿಂತ ಬೇಗ ಮಾಲು ಪರೀಕ್ಷೆ ಮಾಡುತ್ತವೆ ಅವು.

ಇದೆಲ್ಲ ನಮ್ಮ ಮನೆತನದ ಹುಚ್ಚು ಅಂದುಕೊಂಡಿದ್ದೆ. ಆದರೆ ಸೊಳ್ಳೆ ಬ್ಯಾಟಿನ ಬೆಲೆಯ ಬಗ್ಗೆ ದೆಹಲಿಯಲ್ಲೂ ತಲೆ ಕೆಡಿಸಿಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು. 2021ರ ಏಪ್ರಿಲ್ ಕೊನೆ. ಕೊರೋನಾದ ಎರಡನೇ ಅಲೆ. ಜನ ಆಕ್ಸಿಜನ್ ಸಿಲಿಂಡರ್ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದ ದಿನಗಳು. ಅದೇ ಹೊತ್ತಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಒಂದು ಅಧಿಸೂಚನೆ ಹೊರಬಿತ್ತು. ಹೊರದೇಶದಿಂದ ಬರುವ ಸೊಳ್ಳೆ ಬ್ಯಾಟಿನ ಬೆಲೆ 121 ರೂಪಾಯಿಗಿಂತ ಕಡಿಮೆಯಿದ್ದರೆ ಆಮದು ನಿಷೇಧ. 121 ಆದರೆ ಬರಬಹುದು. ಬೆಲೆ ಅಂದರೆ ಅಂಗಡಿಯ ಬೆಲೆಯಲ್ಲ. ಮಾಲಿನ ದರ, ವಿಮೆ, ಹಡಗಿನ ಬಾಡಿಗೆ ಎಲ್ಲ ಸೇರಿ ನಮ್ಮ ಬಂದರು ಮುಟ್ಟುವ ಹೊತ್ತಿಗೆ ಆಗುವ ಲೆಕ್ಕ.

ಅಂದರೆ 120ರ ಬ್ಯಾಟು ದೇಶದೊಳಗೆ ಕಾಲಿಡುವ ಹಾಗಿಲ್ಲ. 121ರದ್ದು ಅತಿಥಿ. ನಾವು ಮದುವೆಗೆ ಮುಯ್ಯಿ ಮಾಡುವಾಗ 100 ಕೊಡದೆ 101 ಕೊಡುತ್ತೇವೆ ನೋಡಿ, ಆ ಒಂದು ರೂಪಾಯಿಯಲ್ಲೇ ಮರ್ಯಾದೆ ಇರುವುದು. ದೆಹಲಿಯಲ್ಲೂ ಯಾರೋ ನಮ್ಮ ಕಡೆಯವರೇ ಇರಬೇಕು.

ಉದ್ದೇಶವೇನೋ ಒಳ್ಳೆಯದೇ. ಮಣ್ಣಿನ ಬೆಲೆಗೆ ಮಾಲು ಬಂದು ಸುರಿದರೆ ಇಲ್ಲಿ ಬ್ಯಾಟು ಮಾಡುವವನು ಬಾಗಿಲು ಹಾಕಬೇಕಾಗುತ್ತದೆ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಗೆರೆಯ ಮುಂದೆ ಬ್ಯಾಟನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ, ‘ನಿನ್ನ ರೇಟೆಷ್ಟು?’ ಪಿನ್ನು ಹೊರಗೆ ಬರುತ್ತಾ ಅಂತ ಕೇಳುವುದಿಲ್ಲ. ಪೇಟೆಯಲ್ಲಿ ನಾನು ಈ ವಿಷಯ ಹೇಳಿದಾಗ, ಜನ್ಮದಲ್ಲಿ ಬಂದರು ನೋಡದ ಅಂಗಡಿಯ ಹುಡುಗ ಒಂದು ಕ್ಷಣವೂ ಯೋಚಿಸದೆ, ‘ಬಿಲ್ಲಲ್ಲಿ 121 ಅಂತ ಬರೆದರಾಯ್ತಲ್ಲ ಸಾರ್’ ಎಂದ. ವ್ಯಾಪಾರಿಗೆ ಬಿಲ್ಲಿನಲ್ಲಿ ಜಾಸ್ತಿ ಬರೆಯುವ ಆಸೆ ಹುಟ್ಟಿಸಬಲ್ಲ ನಿಯಮ ಇದೊಂದೇ ಇರಬೇಕು.

ಒಂದೇ ಅಲ್ಲ, ತಪ್ಪಾಯಿತು. 2023ರ ಮೇನಲ್ಲಿ ಸೇಬಿಗೂ ಗೆರೆ ಬಿತ್ತು. ಕಿಲೋಗೆ 50 ರೂಪಾಯಿ ಮೀರದಿದ್ದರೆ ಪ್ರವೇಶವಿಲ್ಲ, ಭೂತಾನಿನ ಸೇಬಿಗೆ ಮಾತ್ರ ರಿಯಾಯಿತಿ. ಜೂನ್‌ನಲ್ಲಿ ಸಿಗರೇಟ್ ಲೈಟರ್, 20 ರೂಪಾಯಿಗಿಂತ ಕಡಿಮೆಯಾದರೆ ನಿಷೇಧ. 2024ರ ಜನವರಿಯಲ್ಲಿ ಸ್ಕ್ರೂ, ಕಿಲೋಗೆ 129. ಕೊಡೆಗೆ ಇದಕ್ಕೂ ಮೊದಲೇ, 2022ರ ಬಜೆಟ್ಟಿನಲ್ಲಿ, ಆಮದು ಸುಂಕ ಶೇ. 20ಕ್ಕೆ ಏರಿತ್ತು. ಮಲೆನಾಡಿನ ಜುಲೈ ಗಾಳಿಗೆ ಸಿಕ್ಕ ಅಗ್ಗದ ಕೊಡೆ ಹೇಗೆ ಮಗುಚಿ ತಾವರೆಯಾಗುತ್ತದೆ ಅಂತ ನಿಮಗೆ ಗೊತ್ತಿರಬಹುದು. ಸುಂಕ ಏರಿದ ಮೇಲೂ ತಾವರೆಯೇ ಆಗುತ್ತದೆ. ಸ್ವಲ್ಪ ದುಬಾರಿ ತಾವರೆ.

ಇದನ್ನೆಲ್ಲ ಒಂದು ರಾತ್ರಿ ಊಟವಾದ ಮೇಲೆ ದೊಡ್ಡಪ್ಪನಿಗೆ ಓದಿ ಹೇಳಿದೆ. ಬ್ಯಾಟಿಗೆ ನಕ್ಕರು. ಲೈಟರಿಗೆ ಇನ್ನೂ ಜೋರಾಗಿ ನಕ್ಕರು. ‘ಬಡವ ಅಗ್ಗಕ್ಕೆ ತಗೊಂಡರೆ ಇವರಿಗೇನು ಹೊಟ್ಟೆಕಿಚ್ಚು? ಜನ ಬೇಕಾದ್ದು ತಗೋತಾರೆ, ಬಿಡಬೇಕಪ್ಪ!’ ಎಂದು ತೊಡೆ ತಟ್ಟಿದರು.

‘ಅಡಿಕೆಗೂ ಇದೆ ದೊಡ್ಡಪ್ಪ. ಕನಿಷ್ಠ ಆಮದು ಬೆಲೆ ಕಿಲೋಗೆ 251 ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351 ಮಾಡಿದರು.’

ನಗು ನಿಂತಿತು. ‘ಅದು ಬೇರೆ ವಿಷಯ’ ಎಂದರು.

ಹೇಗೆ ಬೇರೆ ಅಂತ ಕೇಳಿದ್ದೇ ತಪ್ಪಾಯಿತು. ಮುಕ್ಕಾಲು ಗಂಟೆ ಹೇಳಿದರು. ಹೊರಗಿನ ಅಡಿಕೆಗೆ ಬಣ್ಣವಿಲ್ಲ, ರುಚಿಯಿಲ್ಲ, ಬೂಷ್ಟು ಬೇರೆ. ಅಗ್ಗಕ್ಕೆ ಸಿಗುತ್ತೆ ಅಂತ ಅದನ್ನು ತಂದು ನಮ್ಮ ಮಾಲಿಗೆ ಬೆರೆಸುತ್ತಾರೆ. ಅದರ ಮೇಲೆ ಶೇ. 100 ಸುಂಕವಿದೆ, ಅದೂ ಸಾಲದು. 351 ಸಾಲದೇ ಸಾಲದು. ಜನರಿಗೆ ಗುಣಮಟ್ಟ ಅಂದರೇನು ಅಂತ ಗೊತ್ತಿಲ್ಲ, ಬರೀ ರೇಟು ನೋಡುತ್ತಾರೆ. ಹಾಗೆ ಹೇಳುವಾಗ ಅವರ ಕೈಯಲ್ಲಿ ಎಂಟನೇ ಬ್ಯಾಟು ಇತ್ತು. ಮಾತಿನ ಭರದಲ್ಲಿ ಗುಂಡಿ ಒತ್ತುತ್ತಿದ್ದರು. ಚಟ್ ಅನ್ನಲಿಲ್ಲ.

ಮಲೆನಾಡಿನ ಬೆಳೆಗಾರರನ್ನು ಆಡಿಕೊಳ್ಳಲು ನನಗೇನೂ ಖುಷಿಯಿಲ್ಲ. ಅದೇ ಅಡಿಕೆ ದುಡ್ಡಲ್ಲಿ ಓದಿದವನು ನಾನು. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಕೊಳೆರೋಗ ಎಲ್ಲ ದಾಟಿ ಅಂಗಳಕ್ಕೆ ಬಂದ ಅಡಿಕೆಗೆ ಹೊರಗಿನ ಮಾಲು ಬಂದು ಬೆಲೆ ಇಳಿಸಿದರೆ ಹೊಟ್ಟೆ ಉರಿಯದೆ ಇರುತ್ತಾ? ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿಗೂ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500ರ ಬೇಲಿ ಹಾಕಿದ್ದು ಇಂಥದ್ದೇ ಉರಿಗೆ. ನನಗೆ ಮಜಾ ಅನ್ನಿಸುವುದು ಬೇಲಿಯಲ್ಲ. ಮಾರುವ ಕಡೆ ಗಟ್ಟಿ ಬೇಲಿ ಬೇಕು, ಕೊಳ್ಳುವ ಕಡೆ ದಾರಿಗೆ ಅಡ್ಡ ಹಾಕುವ ಉಣಗೋಲು ಸರಿಸಿಟ್ಟಿರಬೇಕು ಅನ್ನುವ ಆಸೆ. ಬ್ಯಾಟು ಮಾಡುವವನಿಗೆ ಬ್ಯಾಟಿಗೆ ಬೇಲಿ ಬೇಕು, ಅಡಿಕೆ ಅಗ್ಗಕ್ಕೆ ಬೇಕು. ಸ್ಕ್ರೂ ಮಾಡುವವನಿಗೆ ಸ್ಕ್ರೂಗೆ ಬೇಲಿ ಬೇಕು, ಅವನ ಮನೆಗೂ ಅಗ್ಗದ ಬ್ಯಾಟೇ ಬೇಕು.

2022ರ ಸೆಪ್ಟೆಂಬರ್‌ನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಒಪ್ಪಿತು. ಮತ್ತೆ ಭೂತಾನ್! ಸೇಬಿನಲ್ಲೂ ಅಡಿಕೆಯಲ್ಲೂ ಪುಣ್ಯ ಮಾಡಿದ ದೇಶ. ನಮ್ಮ ಕಡೆ ಕೋಲಾಹಲವೆದ್ದಿತು. ಒಂದು ಸಣ್ಣ ಸಭೆಗೆ ದೊಡ್ಡಪ್ಪನ ಜೊತೆ ನಾನೂ ಹೋಗಿದ್ದೆ. ಮಳೆ ಬಿಟ್ಟಿರಲಿಲ್ಲ. ದಾರಿಯಲ್ಲಿ ದೊಡ್ಡಪ್ಪ ಜೀಪು ನಿಲ್ಲಿಸಿ, ಚೌಕಾಸಿ ಮಾಡಿ, 150 ರೂಪಾಯಿಗೆ ನೀಲಿ ಬಣ್ಣದ ಒಂದು ರೇನ್‌ಕೋಟ್ ತಗೊಂಡರು. ಕಾಲರಿನ ಒಳಗೆ ಅದು ಹುಟ್ಟಿದ ದೇಶದ ಹೆಸರಿತ್ತು. ಸಭೆಯಲ್ಲಿ ‘ಕಳಪೆ ವಿದೇಶಿ ಅಡಿಕೆ’ ಎಂದು ಒಬ್ಬರು ಕೂಗಿದರು. ‘ಬೇಡವೇ ಬೇಡ’ ಎಂದು ದೊಡ್ಡಪ್ಪ ಮುಷ್ಟಿ ಎತ್ತಿದರು. ಕಂಕುಳಿನಿಂದ ಸೊಂಟದವರೆಗೆ ಪರ್ ಅಂತ ಹರಿಯಿತು. ಎರಡನೇ ಘೋಷಣೆಗೆ ಎಡಗೈ ಎತ್ತಿದರು. ಆ ಕಡೆಯದೂ ಹೋಯಿತು. ಆಮೇಲೆ ಕೈ ಕಟ್ಟಿಕೊಂಡು, ಬಾಯಲ್ಲಷ್ಟೇ ಪ್ರತಿಭಟಿಸಿದರು.

ಹಾಗಂತ ಅವರಿಗೆ ಮಾಲು ನೋಡಲು ಬರುವುದಿಲ್ಲ ಅಂದುಕೊಳ್ಳಬೇಡಿ. ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯುವ ಉದ್ದನೆಯ ಕೋಲು, ಅದೇ ಕಾರ್ಬನ್ ಫೈಬರ್ ದೋಟಿ, ಕೊಳ್ಳುವಾಗ ನೋಡಬೇಕಿತ್ತು. ಅರ್ಧ ಲಕ್ಷದ ಮೇಲಿನ ವ್ಯವಹಾರ. ನಾಲ್ಕು ಊರಿಗೆ ಹೋಗಿ, ಕೊಂಡವರನ್ನು ಮಾತಾಡಿಸಿ, ಅವರ ತೋಟದಲ್ಲೇ ನಿಂತು ದೋಟಿ ಎತ್ತಿ ನೋಡಿದರು. ಎಷ್ಟು ಬಾಗುತ್ತೆ, ಲಾಕು ಜಾರುತ್ತಾ, ಗಾಳಿಗೆ ಹೇಗೆ ಓಲಾಡುತ್ತೆ, ಬಿಡಿಭಾಗ ಎಲ್ಲಿ ಸಿಗುತ್ತೆ ಅಂತ ಎರಡು ತಿಂಗಳು ತಲೆ ತಿಂದರು. ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ. ದೋಟಿ ಇವತ್ತಿಗೂ ನೆಟ್ಟಗಿದೆ. ತಲೆಯ ಮೇಲೆ ಬೀಳಬಹುದಾದ ವಸ್ತುವಿಗೆ ನಾವು ಗುಣಮಟ್ಟ ನೋಡುತ್ತೇವೆ. ಕೈಯಲ್ಲೇ ಸಾಯುವ ವಸ್ತುವಿಗೆ ರೇಟು.

ಇಲ್ಲೊಂದು ಮಾತು ಹೇಳಬೇಕು. ದೊಡ್ಡಪ್ಪನ ತೋಟಕ್ಕೆ ಕೆಲಸಕ್ಕೆ ಬರುವವರ ಮನೆಯಲ್ಲೂ ಅದೇ ಬ್ಯಾಟಿದೆ. ಅವರಿಗೆ 500 ಒಟ್ಟಿಗೆ ತೆಗೆಯುವುದು ಆಗದ ಮಾತು. ಅಗ್ಗದ್ದು ಅಲ್ಲಿ ಆಯ್ಕೆಯಲ್ಲ, ಸಿಕ್ಕಿದ್ದು ಅಷ್ಟೆ. ಅವರ ಬ್ಯಾಟು ದೊಡ್ಡಪ್ಪನದಕ್ಕಿಂತ ಹೆಚ್ಚು ದಿನ ಬಾಳುತ್ತದೆ, ಆ ಮನೆಯ ಹುಡುಗ ಅದನ್ನು ಬಿಚ್ಚಿ ತಂತಿ ಬೆಸೆದು ರಿಪೇರಿ ಮಾಡುತ್ತಾನೆ. ನಾನು ಹೇಳುತ್ತಿರುವುದು 500 ಕೊಡಲು ಆಗುವ ನಮ್ಮಂಥವರ ಬಗ್ಗೆ.

ನಮ್ಮಂಥವರು ಅಂದೆ, ಸುಮ್ನೆ ಅಲ್ಲ. ಬೆಂಗಳೂರಿನ ನನ್ನ ಮೇಜಿನ ಡ್ರಾಯರಿನಲ್ಲಿ ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನು ಐದಿವೆ. ಎಲ್ಲ 299ರವು. ಮೂರು ಎಡಗಿವಿಯವು, ಎರಡು ಬಲಗಿವಿಯವು. ಐದನ್ನೂ ಹುಡುಕುವಾಗ ರಾತ್ರಿ ಹನ್ನೆರಡರವರೆಗೆ ಜನರ ಅಭಿಪ್ರಾಯ ಓದಿದ್ದೆ. ‘ಪ್ಯಾಕಿಂಗ್ ತುಂಬಾ ಚೆನ್ನಾಗಿತ್ತು. ನಾಲ್ಕನೇ ದಿನ ನಿಂತುಹೋಯಿತು. ಈ ಬೆಲೆಗೆ ಓಕೆ’ ಎಂದು ಒಬ್ಬ ಪುಣ್ಯಾತ್ಮ ನಾಲ್ಕು ಸ್ಟಾರ್ ಕೊಟ್ಟಿದ್ದ. ಓದಿ ನಗಾಡಿ, ಕೊಂಡೆ. ನಾಲ್ಕನೇ ದಿನ ನಿಂತಿತು. ಈ ಬೆಲೆಗೆ ಓಕೆ ಅಂತ ನನಗೂ ಅನ್ನಿಸಿತು. ಈ ಬೆಲೆಗೆ ಏನನ್ನು ಬೇಕಾದರೂ ಕ್ಷಮಿಸಬಹುದು. 5000ದ್ದು ಕೊಂಡ ಗೆಳೆಯನೊಬ್ಬ ಸಣ್ಣ ಗೊರಗೊರ ಸದ್ದಿಗೆ ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಎಂದು ಕುಣಿಯುತ್ತಿದ್ದ. ನಾನು ಆರಾಮ.

ಮೊನ್ನೆ ಊರಿಗೆ ಹೋದಾಗ ಅಂಗಳದಲ್ಲಿ ಅಡಿಕೆ ವ್ಯಾಪಾರಿ ಕೂತಿದ್ದರು. ದೊಡ್ಡಪ್ಪ ರಾಶಿಯಿಂದ ಒಂದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಅವರ ಅಂಗೈ ಮೇಲಿಟ್ಟರು. ‘ಬಣ್ಣ ನೋಡಿ. ಚೊಗರು ಹೇಗೆ ಹಿಡಿದಿದೆ ನೋಡಿ. ಒಂದು ಕರಿ ಗೆರೆ ಇದೆಯಾ?’

‘ಮಾಲು ಚಿನ್ನ ರಾಯರೇ. ಆದರೆ ಗಿರಾಕಿಗೆ ಬಾಯಿ ಕೆಂಪಾದರೆ ಸಾಕು. ಜಗಿದು ಉಗಿಯೋದಕ್ಕೆ ಇಷ್ಟೆಲ್ಲ ಯಾರು ನೋಡ್ತಾರೆ? ರೇಟು ಕೇಳ್ತಾರೆ.’

ದೊಡ್ಡಪ್ಪನ ಮುಖ ಕೆಂಪಾಯಿತು, ಅದೂ ಅಡಿಕೆಯಿಲ್ಲದೆ. ವ್ಯಾಪಾರ ಮುರಿಯಿತು. ಕತ್ತಲಾಗುವವರೆಗೂ ಜಗಲಿಯಲ್ಲಿ ಕೂತು, ಈ ಕಾಲದ ಜನರಿಗೆ ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅನ್ನುವ ವಿವೇಕವೇ ಹೋಗಿದೆ ಎಂದು ಗೊಣಗಿದರು. ಗೊಣಗುವಾಗ ಕಾಲಿಗೆ ಸೊಳ್ಳೆ ಕಚ್ಚಿತು. ಕೈ ತಾನಾಗಿ ಬ್ಯಾಟಿಗೆ ಹೋಯಿತು. ಗುಂಡಿ ಒತ್ತಿದರು. ಟಾರ್ಚು ಹತ್ತಿತು. ಸೊಳ್ಳೆ ಮೊಣಕಾಲಿನ ಮೇಲೆ ಕೂತಿರುವುದು ಸ್ಪಷ್ಟವಾಗಿ ಕಂಡಿತು.

‘ನಾಳೆ ಪೇಟೆಗೆ ಹೋಗ್ತೀಯಲ್ಲ, ಒಂದು ಬ್ಯಾಟ್ ತಾ’ ಎಂದರು.

‘500ದ್ದು ತರಲಾ?’

ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿದರು.

‘120ಕ್ಕೆ ಕೊಟ್ಟರೆ ಮೂರು ತಾ.’