ಬಾರ್ತೋಲಿಯ ಜಲವರ್ಣಗಳನ್ನು ಎಷ್ಟು ನಂಬಬೇಕು?

ಪ್ರಾಚೀನ ರೋಮನ್ ಭಿತ್ತಿಚಿತ್ರ ಎಂದೊಡನೆ ನಮ್ಮ ಮನಸ್ಸು ಪಾಂಪೇಯಿಗೆ ಹೋಗುತ್ತದೆ. ಆದರೆ ಪಾಂಪೇಯಿಯಲ್ಲಿ 1748ರಲ್ಲಿ ಅಗೆತ ಶುರುವಾಗುವುದಕ್ಕೆ ಎಷ್ಟೋ ಮೊದಲೇ ರೋಮ್ ನಗರದ ನೆಲದಡಿಯಲ್ಲಿ ಬಣ್ಣದ ಗೋಡೆಗಳು ಸಿಗುತ್ತಿದ್ದವು, ಗಾಳಿ, ತೇವ ಮತ್ತು ಸಂಗ್ರಹಕಾರರ ಉಳಿಗೆ ಸಿಕ್ಕಿ ಅಷ್ಟೇ ಬೇಗ ಹಾಳಾಗುತ್ತಿದ್ದವು. ಹೀಗೆ ಹೋದ ಎಷ್ಟೋ ಚಿತ್ರಗಳು ಇಂದು ಕಾಗದದ ಮೇಲಿನ ಜಲವರ್ಣ ಪ್ರತಿಗಳಲ್ಲಷ್ಟೇ ಉಳಿದಿವೆ. ಅವನ್ನು ಬರೆದವರಲ್ಲಿ ಪಿಯೆತ್ರೊ ಸಾಂತಿ ಬಾರ್ತೋಲಿಯ (1635–1700) ಹೆಸರು ದೊಡ್ಡದು, ಆತನ ಮೇಲಿನ ದೂರೂ ದೊಡ್ಡದು: ಅಳಿದ ಜಾಗವನ್ನು ಊಹೆಯಿಂದ ತುಂಬಿದ, ಮಾಸಿದ ಬಣ್ಣಕ್ಕೆ ಮೆರುಗು ಕೊಟ್ಟ ಎಂದು. ದೂರು ನಿಜ. ಆದರೆ ಅಷ್ಟಕ್ಕೇ ಆ ಹಾಳೆಗಳನ್ನು ಸಾಕ್ಷ್ಯವೇ ಅಲ್ಲವೆಂದು ಪಕ್ಕಕ್ಕಿಡುವುದನ್ನು ನಾನು ಒಪ್ಪಲಾರೆ.

ವಿಯಾ ಫ್ಲಮೀನಿಯಾ ರಸ್ತೆಯ ಬದಿಯ ಬಂಡೆಯಲ್ಲಿ 1674ರಲ್ಲಿ ಪತ್ತೆಯಾದ, ನಸೋನಿ ಎಂಬ ರೋಮನ್ ಕುಟುಂಬದ ಸಮಾಧಿಯನ್ನೇ ನೋಡಿ. ವಿದ್ವಾಂಸ ಬೆಲ್ಲೋರಿ ಇದನ್ನು ಕವಿ ಓವಿಡ್‌ನ ವಂಶದವರದೆಂದು ನಂಬಿದ್ದು ತಪ್ಪಾಯಿತು, ಆ ಮಾತು ಹಾಗಿರಲಿ. ಅದರ ಗೋಡೆಗಳ ಮೇಲಿನ ಗ್ರೀಕ್-ರೋಮನ್ ಪುರಾಣದ ದೃಶ್ಯಗಳು (ಈಡಿಪಸ್ ಮತ್ತು ಸ್ಫಿಂಕ್ಸ್, ಪ್ರೊಸರ್ಪಿನಳ ಅಪಹರಣ), ಛಾವಣಿಯ ಋತುದೇವತೆಗಳು ಎಲ್ಲವನ್ನೂ ಬಾರ್ತೋಲಿ ನಕಲು ಮಾಡಿದ. 1680ರಲ್ಲಿ ಅವು ಬೆಲ್ಲೋರಿಯ ವಿವರಣೆಯೊಡನೆ ಅಚ್ಚಾದವು. ಗೋಡೆಯಿಂದ ಕತ್ತರಿಸಿ ತೆಗೆದ ಕೆಲವು ತುಂಡುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಆತನ ಕೈಯ ರೂಢಿ ತಿಳಿಯುತ್ತದೆ. ಮೂಲದಲ್ಲಿ ಕುಂಚ ಅವಸರದಲ್ಲಿ ಓಡಿದೆ, ಆಕೃತಿಯ ಅಂಚು ಹಿನ್ನೆಲೆಯಲ್ಲಿ ಕರಗುತ್ತದೆ. ಪ್ರತಿಯಲ್ಲಿ ಅದೇ ಆಕೃತಿಗೆ ಖಚಿತವಾದ ಹೊರಗೆರೆ, ತಿದ್ದಿದ ತೋಳು, ಹದಿನೇಳನೆಯ ಶತಮಾನದ ಮೈಕಟ್ಟು. ಹಾಗಾಗಿ ಚಿತ್ರದಲ್ಲಿ ಯಾರಿದ್ದರು, ಎಲ್ಲಿ ನಿಂತಿದ್ದರು, ಛಾವಣಿಯ ಅಂಕಣಗಳು ಹೇಗೆ ಹಂಚಿಕೆಯಾಗಿದ್ದವು ಎಂಬಲ್ಲಿ ಬಾರ್ತೋಲಿಯನ್ನು ಬಹುಮಟ್ಟಿಗೆ ನಂಬುತ್ತೇನೆ. ಮುಖಭಾವ, ಸೆರಗಿನ ನಿರಿಗೆ, ಬಣ್ಣದ ಛಾಯೆ ಇವುಗಳಲ್ಲಿ ನಂಬುವುದಿಲ್ಲ.

ಖಾಲಿ ಜಾಗವನ್ನು ಹಾಗೇ ಬಿಟ್ಟ ಹಾಳೆಯನ್ನು ಅಂದು ಯಾರು ಕೊಳ್ಳುತ್ತಿದ್ದರು? ಕಾರ್ಡಿನಲ್ ಕಮಿಲ್ಲೊ ಮಾಸ್ಸಿಮೊನಂತಹ ಆಶ್ರಯದಾತರಿಗೆ ಬೇಕಾಗಿದ್ದುದು ಪ್ರಾಚೀನರ ವೈಭವ, ಗೋಡೆಯ ಬಿರುಕಲ್ಲ. ತಂದೆಯ ಕಸುಬನ್ನು ಮಗ ಫ್ರಾಂಚೆಸ್ಕೊ ಮುಂದುವರಿಸಿ, ಇಂಗ್ಲೆಂಡಿನ ರಿಚರ್ಡ್ ಟಾಪಮ್‌ನಂತಹ ಸಂಗ್ರಹಕಾರರಿಗೆ ಪ್ರತಿಗಳನ್ನು ಒದಗಿಸಿದ. ಟಾಪಮ್‌ನ ಸಂಗ್ರಹ ಈಗ ಈಟನ್ ಕಾಲೇಜಿನಲ್ಲಿದೆ. ಪ್ಯಾರಿಸ್‌ನಲ್ಲಿ ಕೌಂಟ್ ಕೇಲ್ಯೂಸ್ 1757ರಲ್ಲಿ ಬಾರ್ತೋಲಿಯ ಚಿತ್ರಗಳನ್ನು ಕೈಯಿಂದ ಬಣ್ಣ ತುಂಬಿಸಿ ಪ್ರಕಟಿಸಿದ್ದು ಕೇವಲ 30 ಪ್ರತಿ. (ಪುಸ್ತಕ ಹೊರತಂದು ಯಾರಿಗೂ ಸಿಗದಂತೆ ನೋಡಿಕೊಳ್ಳುವುದು ಹೇಗೆಂದು ಆ ಮಹಾನುಭಾವನಿಂದ ಕಲಿಯಬೇಕು.) ನನ್ನ ತಕರಾರು ಬಾರ್ತೋಲಿಯೊಡನೆ ಅಲ್ಲ, ಆತನ ಹಾಳೆಯನ್ನು "ರೋಮನ್ನರ ಬಣ್ಣಗಾರಿಕೆ" ಎಂದು ಅಡಿಬರಹ ಹಾಕಿ ಹಂಚುವ ಇಂದಿನವರೊಡನೆ.

ಹಾಗೆಂದು ಮೂಲ ಉಳಿದಿದ್ದರೆ ಪ್ರತಿ ಬೇಡ ಎನ್ನುವಂತೆಯೂ ಇಲ್ಲ. 1601ರಲ್ಲಿ ರೋಮ್‌ನ ಎಸ್ಕ್ವಿಲಿನ್ ಗುಡ್ಡದಲ್ಲಿ ಸಿಕ್ಕಿ ಈಗ ವ್ಯಾಟಿಕನ್‌ನಲ್ಲಿರುವ 'ಅಲ್ದೊಬ್ರಾಂದಿನಿ ವಿವಾಹ' ಎಂಬ ಪ್ರಾಚೀನ ಭಿತ್ತಿಚಿತ್ರ ದುರಸ್ತಿಗಾರರ ಕುಂಚವನ್ನೂ, ಆಮೇಲೆ ಅದನ್ನು ತೊಳೆದು ತೆಗೆದವರ ಕೈಯನ್ನೂ ಕಂಡಿದೆ. ನಡುವಿನ ಆ ಸ್ಥಿತಿಗಳಲ್ಲಿ ಚಿತ್ರ ಹೇಗಿತ್ತೆಂದು ತಿಳಿಯಬೇಕಾದವರು ಮತ್ತೆ ಹದಿನೇಳನೆಯ ಶತಮಾನದ ಪ್ರತಿಗಳನ್ನೇ ಬಿಚ್ಚಬೇಕು.