64 ಜಿಬಿ ಸಪೋರ್ಟ್ ಅಂದ್ರೆ 64 ಜಿಬಿ ಅಲ್ಲ

ಈಗಷ್ಟೇ ಹಾಸನದಿಂದ ಮನೆಗೆ ಬಂದೆ. ಬಸ್ಸಿನಲ್ಲಿ ಕೂತಾಗಿನಿಂದ ಹೊಟ್ಟೆಯೊಳಗೆ ಕುದೀತಾ ಇದೆ. ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಬಿ.ಎಂ. ರಸ್ತೆಯ ಒಂದು ಮೊಬೈಲ್ ಅಂಗಡಿಗೆ ಚಾರ್ಜರ್ ವೈರ್ ತರಲು ಹೋಗಿದ್ದೆ. ನನಗಿಂತ ಮೊದಲು ಒಬ್ಬ ಯಜಮಾನರು ನಿಂತಿದ್ದರು. ಎಪ್ಪತ್ತು ದಾಟಿರಬಹುದು. ಹೆಗಲ ಮೇಲೆ ಟವೆಲ್, ಜೇಬಿನಲ್ಲಿ ಕೀಪ್ಯಾಡ್ ಫೋನ್. "ಹಾಡು ಕೇಳೋ ಡಬ್ಬ ಕೊಡಪ್ಪ, ಜಾಸ್ತಿ ಹಾಡು ಹಿಡಿಯೋದು" ಅಂದರು. ಅಂಗಡಿಯವನು ಎರಡು ಬಾಕ್ಸ್ ಮುಂದಿಟ್ಟ. "ತಾತ, ಇದು 32 ಜಿಬಿ, 700 ರೂಪಾಯಿ. ಇದು 64 ಜಿಬಿ, 950. ಸಾವಿರಗಟ್ಟಲೆ ಹಾಡು ಹಿಡಿಯುತ್ತೆ." ಯಜಮಾನರು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. 64 ಜಾಸ್ತಿ ಅಲ್ವಾ? ಒಳಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದರು.

ನಾನು ಬಾಕ್ಸ್ ತಿರುಗಿಸಿ ನೋಡಿದೆ. ದಪ್ಪ ಅಕ್ಷರದ 64 ಜಿಬಿ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ "ಸಪೋರ್ಟ್" ಅಂತ ಇತ್ತು. ಅಂದರೆ ಒಳಗೆ ಹಾಡು ಇಡಲು ಜಾಗವೇ ಇಲ್ಲ. 64 ಜಿಬಿವರೆಗಿನ ಮೆಮೊರಿ ಕಾರ್ಡ್ ಹಾಕಿದರೆ ಓದುತ್ತದೆ, ಅಷ್ಟೇ. ಕಾರ್ಡ್ ಬೇರೆ ತರಬೇಕು. ಹಾಡು ಬೇರೆ ತುಂಬಿಸಬೇಕು. ಎರಡು ಡಬ್ಬದಲ್ಲೂ ಇರುವುದು ಸೊನ್ನೆ.

ನೂರು ಮೂಟೆ ಹಿಡಿಯುವ ಗೋದಾಮು ತೋರಿಸಿ, ಇದರಲ್ಲಿ ನೂರು ಮೂಟೆ ಕಾಫಿ ಇದೆ ಅಂತ ಯಾರಾದರೂ ದುಡ್ಡು ಕೇಳಿದರೆ ನಾವು ಸುಮ್ನೆ ಬಿಡ್ತೀವಾ? ಕಾಫಿಯಲ್ಲಾದರೆ ಕೈಹಾಕಿ ಬೀಜ ತೆಗೆದು ನೋಡುತ್ತೇವೆ. ಈ ಡಬ್ಬದೊಳಗೆ ಕೈಹಾಕಿ ನೋಡಲು ಆಗುವುದಿಲ್ಲ. ಆ ಧೈರ್ಯದ ಮೇಲೆಯೇ ಈ ವ್ಯಾಪಾರ ನಡೆಯುತ್ತಿದೆ.

ಖಾಲಿ ಡಬ್ಬಕ್ಕೆ 64 ಜಿಬಿ ಅಂತ ಯಾಕೆ ಹೇಳ್ತೀಯಾ ಅಂತ ಅಂಗಡಿಯವನನ್ನು ಕೇಳಿದೆ. "ಬಾಕ್ಸ್ ಮೇಲೆ ಇರೋದನ್ನೇ ಹೇಳಿದ್ದು ಮೇಡಂ" ಅಂದ. ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಅದೇ ಗಾಜಿನ ಕಪಾಟಿನಲ್ಲಿ ಮೆಮೊರಿ ಕಾರ್ಡ್ ನೇತುಹಾಕಿದ್ದ. ಯಜಮಾನರು ನಾಳೆ ವಾಪಸ್ ಬಂದು "ಹಾಡೇ ಬರ್ತಿಲ್ಲ" ಅಂದರೆ ಅದನ್ನೂ ಮಾರುತ್ತಿದ್ದ. ಗೊತ್ತಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಹೇಳಿಬಿಡುತ್ತೇನೆ. ತಮ್ಮನ ಮದುವೆಯಲ್ಲಿ ನಮ್ಮ ಚಿಕ್ಕಮ್ಮ ಸೋಬಾನೆ ಪದ ಹೇಳಿದ್ದರು. ಹಸೆಗೆ ಕರೆಯುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ, ನಲವತ್ತು ನಿಮಿಷ ನಾನು ರೆಕಾರ್ಡ್ ಮಾಡಿದ್ದೆ. ಫೋನಿನಲ್ಲಿ ಜಾಗ ಇಲ್ಲ ಅಂತ ಹೊಸ 64 ಜಿಬಿ ಕಾರ್ಡ್ ತಂದು ಅದಕ್ಕೆ ಹಾಕಿ, ಫೋನಿನಿಂದ ಅಳಿಸಿದೆ. ಆಮೇಲೆ ಅದೇ ಕಾರ್ಡಿಗೆ ನಾಟಕದ ಪದ, ಹರಿಕಥೆ ಎಲ್ಲ ತುಂಬುತ್ತಾ ಹೋದೆ. ಒಂದು ದಿನ ಚಿಕ್ಕಮ್ಮನ ಪದ ಹಾಕಿದರೆ ಬರೀ ಗೊರಗೊರ ಸದ್ದು. ಕಾರ್ಡ್ ನಕಲಿ. ಒಳಗೆ ಇದ್ದದ್ದು 8 ಜಿಬಿ. ಇಂಥ ಕಾರ್ಡಿನ ಚಿಪ್ ಕಂಪ್ಯೂಟರಿಗೆ ನಾನು 64 ಅಂತ ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ಚಿಕ್ಕಮ್ಮನಿಗೆ ಈಗ ದಮ್ಮು. ಎರಡು ಸಾಲು ಹೇಳುವಷ್ಟರಲ್ಲಿ ಕೆಮ್ಮು ಬರುತ್ತದೆ. ಮತ್ತೆ ಹೇಳು ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ.

ಅದಕ್ಕೇ ಹೇಳುವುದು, ಕಾರ್ಡ್ ತಂದ ದಿನವೇ ಪರೀಕ್ಷೆ ಮಾಡಿ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದು ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ನಿಜ ಹೇಳುತ್ತದೆ. 8 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ 7.4 ಅಂತ ಕಂಡರೆ ಅದು ಮೋಸ ಅಲ್ಲ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ.

ಮೊದಲು ಹೀಗಿರಲಿಲ್ಲ. 1998ರಲ್ಲಿ ಬಂದ ರಿಯೊ ಪಿಎಂಪಿ300 ಅನ್ನುವ ಪ್ಲೇಯರಿನಲ್ಲಿ 32 ಎಂಬಿ ಇತ್ತು. ಜಿಬಿ ಅಲ್ಲ, ಎಂಬಿ, ಅಂದರೆ ಜಿಬಿಯ ಸಾವಿರದಲ್ಲಿ ಒಂದು ಪಾಲು. ಬೆಲೆ 200 ಡಾಲರ್. ಅರ್ಧ ಗಂಟೆಯ ಹಾಡು ಹಿಡಿಯುತ್ತಿತ್ತು. 2001ರ ಅಕ್ಟೋಬರಿನಲ್ಲಿ ಮೊದಲ ಐಪಾಡ್ ಬಂತು. 5 ಜಿಬಿ, 184 ಗ್ರಾಂ, 399 ಡಾಲರ್. ಜೇಬಿನಲ್ಲಿ ಸಾವಿರ ಹಾಡು ಅಂದರು. ನಾಲ್ಕು ನಿಮಿಷದ ಹಾಡು, 160 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಜಾಗ ಅನ್ನುವ ಅಳತೆ) ಅಂತ ಲೆಕ್ಕ ಹಾಕಿದರೆ ಆ ಸಾವಿರ ಸರಿಯಾಗಿ ಕೂರುತ್ತದೆ. 2005ರ ಐಪಾಡ್ ಶಫಲ್ ಬರೀ 22 ಗ್ರಾಂ, ಪರದೆಯೇ ಇಲ್ಲ, 512 ಎಂಬಿಗೆ 99 ಡಾಲರ್. ದುಬಾರಿಯೋ ಅಗ್ಗವೋ, ಹೇಳಿದಷ್ಟು ಜಾಗ ಒಳಗೆ ಇತ್ತು. 2017ರಲ್ಲಿ ಬಂದ ಸರೆಗಮ ಕಂಪನಿಯ ಕಾರವಾನ್ ಅನ್ನುವ ಹಾಡಿನ ಡಬ್ಬ ಕೂಡ ಐದು ಸಾವಿರ ಹಾಡು ಅಂದಿತು, ಹಾಡು ತುಂಬಿಸಿಯೇ ಕೊಟ್ಟಿತು. ಈಗ ನಮ್ಮ ಪೇಟೆಯಲ್ಲಿ ಖಾಲಿ ಡಬ್ಬದ ಮೇಲೆ 64 ಅಂತ ಬರೆದು ಅದಕ್ಕೇ 250 ರೂಪಾಯಿ ಜಾಸ್ತಿ ಕೇಳುತ್ತಿದ್ದಾರೆ.

"ಇದೆಲ್ಲ ಯಾಕೆ, ಫೋನಿನಲ್ಲೇ ಎಲ್ಲ ಬರುತ್ತಲ್ಲ" ಅಂತ ಕಾಮೆಂಟ್ ಹಾಕುವವರು ಇದ್ದೀರಿ. ನಮ್ಮ ಮನೆ ಕಡೆಯ ಟವರಿನ ಕಷ್ಟ ನಿಮಗೆ ಗೊತ್ತೇ ಇದೆ. ಗುಡ್ಡ ಹತ್ತಿದರೆ ಎರಡು ಕಡ್ಡಿ, ಇಳಿದರೆ ಅದೂ ಇಲ್ಲ. ತಗ್ಗಿನ ತೋಟಗಳಲ್ಲಿ ಹಾಸನ ಆಕಾಶವಾಣಿ 102.2 ಕೂಡ ಒಂದು ಮರದ ಕೆಳಗೆ ಬಂದರೆ ಇನ್ನೊಂದರ ಕೆಳಗೆ ಬರುವುದಿಲ್ಲ. ಅಲ್ಲದೆ ಆ ಯಜಮಾನರ ಹತ್ತಿರ ಅಂಥ ಫೋನೇ ಇಲ್ಲ. ಒಂದು ಹಾಡು ಕೇಳಲು ಹತ್ತು ಸಾವಿರದ ಫೋನ್, ತಿಂಗಳು ತಿಂಗಳೂ ರೀಚಾರ್ಜ್, ಇದನ್ನು ಅವರಿಗೆ ಹೇಳಲು ನಮಗೆ ನಾಚಿಕೆ ಆಗಬೇಕು.

ಅವರನ್ನು ಮಾತಾಡಿಸಿದೆ. ಆಲೂರಿನ ಆಚೆ ಒಂದು ತೋಟದಲ್ಲಿ ಕಣ ಕಾಯುತ್ತಾರೆ. ಹರಡಿದ ಕಾಫಿಗೆ ರಾತ್ರಿ ಟಾರ್ಪಾಲು ಮುಚ್ಚಿ, ಬೆಂಕಿ ಹಾಕಿಕೊಂಡು ಒಬ್ಬರೇ ಕೂರುತ್ತಾರೆ. ಇಯರ್‌ಫೋನ್ ಬೇಡವಾ ಅಂತ ಕೇಳಿದೆ. "ಕಿವಿ ಮುಚ್ಕೊಂಡ್ರೆ ಆನೆ ಬಂದಿದ್ದು ಗೊತ್ತಾಗಲ್ಲ ಕಣವ್ವ" ಅಂದರು. ನನಗೆ ಮಾತೇ ಹೊರಡಲಿಲ್ಲ. ಯಾವ ಬಾಕ್ಸ್ ಮೇಲೂ ಇರದ ಮಾತು ಅದು. ಅವರಿಗೆ ಬೇಕಾದದ್ದು ಸ್ಪೀಕರ್, ಸದ್ದು ಕೂಡಲೇ ತಗ್ಗಿಸುವಂಥ ತಿರುಗಣಿ, ಕತ್ತಲಲ್ಲಿ ಬೆರಳಿಗೆ ಸಿಗುವ ಗುಂಡಿ. ಇನ್ನೂ ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವ ಮಾತು ಅವರ ಒರಟು ಬೆರಳಿಗೆ ಒಪ್ಪುವುದಿಲ್ಲ. ಸೋನಿಯ ಎನ್‌ಡಬ್ಲ್ಯೂ-ಎ306 ಅಂತ ಒಂದು ಪ್ಲೇಯರ್ ಇದೆ, ತೂಕ 113 ಗ್ರಾಂ, ಒಳಗೆ 32 ಜಿಬಿ, ಇಲ್ಲಿಗೆ ಬಂದಾಗ ಬೆಲೆ 25 ಸಾವಿರದ ಮೇಲೆ ಇತ್ತು. ಧ್ವನಿ ಚೆನ್ನಾಗಿಯೇ ಇರುತ್ತದೆ. ಆದರೆ ಟಚ್ ಪರದೆ, ಕಿವಿಗೆ ಹಾಕಿಕೊಂಡು ಕೇಳುವಂಥದ್ದು. ಕಣಕ್ಕೆ ಆಗುವುದಿಲ್ಲ.

ಕೊನೆಗೆ 700ರದನ್ನೇ ಕೊಡಿಸಿದೆ. ಗುಂಡಿ ದೊಡ್ಡದಿತ್ತು. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಕೂರುತ್ತದೆ, ಹೋದರೆ ಆಲೂರಿನಲ್ಲೇ ಇನ್ನೊಂದು ಸಿಗುತ್ತದೆ. ಕಾರ್ಡ್ ಮಾತ್ರ ಅಲ್ಲಿ ಬೇಡ ಅಂದೆ. 64ರ ಕಾರ್ಡ್ ಅವರಿಗೆ ಬೇಕಾಗಿಯೂ ಇರಲಿಲ್ಲ. ಅಷ್ಟು ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ, ಅಂದರೆ ಫೈಲು ಜೋಡಿಸಿಡುವ ಬೇರೆ ರೀತಿಯಲ್ಲಿ, ಬರುತ್ತವೆ, ಅಗ್ಗದ ಎಷ್ಟೋ ಪ್ಲೇಯರುಗಳಿಗೆ ಅದನ್ನು ಓದಲು ಬರುವುದಿಲ್ಲ. ನನ್ನ ಹತ್ತಿರ ಪರೀಕ್ಷೆ ಮಾಡಿದ 8 ಜಿಬಿ ಕಾರ್ಡ್ ಒಂದು ಇದೆ, ತುಂಬಿಸಿ ಕೊಡುತ್ತೇನೆ ಅಂದೆ.

"ಎಂಟು ಅಂದ್ರೆ ಕಮ್ಮಿ ಆಯ್ತಲ್ಲವ್ವ?"

128 ಕೆಬಿಪಿಎಸ್‌ನಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ. 8 ಜಿಬಿಗೆ 130 ಗಂಟೆ ಆಗುತ್ತದೆ. ಅವರಿಗೆ ಹಾಗೆ ಹೇಳಲಿಲ್ಲ. ದಿನಾ ರಾತ್ರಿ ಎರಡು ಗಂಟೆ ಕೇಳಿದರೂ ಹೇಳಿದ ಪದ ಮತ್ತೆ ಬರದ ಹಾಗೆ ಎರಡು ತಿಂಗಳು ಆಗುತ್ತೆ ಅಂದೆ. ಮುಖ ಅರಳಿತು. "ಹಂಗಾದ್ರೆ ಕಣ ಮುಗಿಯಗಂಟ ಸಾಕು ಬಿಡು" ಅಂದರು.

ಮಂಗಳವಾರ ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ನಾಟಕದ ಪದ, ತತ್ವಪದ ಬೇಕಂತೆ. ಸೋಬಾನೆ ಇದ್ದರೆ ಅದೂ ಬೇಕಂತೆ. ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮ ಯಾರೇ ಹೇಳಿದ ಪದ ಫೋನಿನಲ್ಲಿ ಇದ್ದರೆ ಸೋಮವಾರದೊಳಗೆ ನನಗೆ ಕಳಿಸಿ. ಕಳಿಸಿದ ಮೇಲೆ ನಿಮ್ಮ ಫೋನಿನಿಂದ ಮಾತ್ರ ಅಳಿಸಬೇಡಿ.